ಕಾಯಬಲ್ಲ ಕಿವಿ, ಕಾಯಲಾರದ ಕಿವಿ: ಮಹಾಮಾರಿ ಕಾಲದ ಕಿವಿ ಚಿಕಿತ್ಸೆಯ ಬಗ್ಗೆ ಕಂಬಂ ಕಣಿವೆಯ ನೆಲೆಯಿಂದ ಒಂದು ಟಿಪ್ಪಣಿ

ಕೊರೊನಾದ ಮೊದಲ ವರ್ಷ ಕಿವಿ ಶಸ್ತ್ರಚಿಕಿತ್ಸೆಯ ಬಗ್ಗೆ ಬಂದ ವೈದ್ಯಕೀಯ ಬರಹಗಳಲ್ಲಿ ಹೆಚ್ಚಿನವು ಒಂದೇ ಉಪಕರಣದ ಸುತ್ತ ತಿರುಗುತ್ತವೆ. ಅದು ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಎಲುಬನ್ನು ಕೊರೆಯುವ ಡ್ರಿಲ್. ಅದು ಎಬ್ಬಿಸುವ ತುಂತುರು ಎಷ್ಟು ದೂರ ಹಾರುತ್ತದೆ, ಅದರಲ್ಲಿ ವೈರಸ್ ಇರಬಹುದೇ, ಶಸ್ತ್ರವೈದ್ಯ ಮುಖಕ್ಕೆ ಏನು ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಬಾಸ್ಟನ್, ಬಾಲ್ಟಿಮೋರ್‌ಗಳಂಥ ಕಡೆಯ ಪ್ರಯೋಗಾಲಯಗಳಲ್ಲಿ ಉತ್ತರ ಹುಡುಕಲಾಯಿತು. ಆ ಉತ್ತರಗಳು ಬೇಕೇ ಬೇಕು. ಈ ಟಿಪ್ಪಣಿಯ ಒಂದು ಭಾಗ ಅವುಗಳಿಗೇ ಮೀಸಲು. ಆದರೆ ತಮಿಳುನಾಡಿನ ತೇನಿ, ಕಂಬಂ, ದಿಂಡಿಗಲ್‌ಗಳ ಕಡೆಯಿಂದ ನೋಡಿದರೆ ಸುರಕ್ಷತೆಯ ಮೊದಲ ನಿರ್ಧಾರ ಆಪರೇಷನ್ ಥಿಯೇಟರಿಗೆ ಬಹಳ ಮೊದಲೇ ನಡೆದುಹೋಗಿರುತ್ತದೆ. ಸೋರುವ ಕಿವಿಗಳಲ್ಲಿ ಯಾವುದು ಆರು ತಿಂಗಳು ಕಾಯಬಲ್ಲದು, ಯಾವುದು ಆರು ದಿನವೂ ಕಾಯಲಾರದು ಎಂದು ರೋಗಿಯ ಊರಿನ ಹತ್ತಿರವೇ ಬೇರ್ಪಡಿಸುವವರು ಇದ್ದರೆ ಥಿಯೇಟರಿನೊಳಗಿನ ಎಚ್ಚರಕ್ಕೆ ಅರ್ಥ ಬರುತ್ತದೆ. ಅದಿಲ್ಲದಿದ್ದರೆ ಅತ್ಯುತ್ತಮ ಮುಖಗವಸು ತೊಟ್ಟ ವೈದ್ಯರ ಮುಂದೆ ತಪ್ಪು ರೋಗಿ ಮಲಗಿರುತ್ತಾನೆ, ಸರಿಯಾದ ರೋಗಿ ಕಂಬಂ ಕಣಿವೆಯ ಗೂಡಲೂರಿನ ಮನೆಯಲ್ಲೇ ಉಳಿದಿರುತ್ತಾನೆ.

ಮೊದಲು ನೆಲದ ವಿವರ. ತೇನಿ ಜಿಲ್ಲೆ ಹಳೆಯ ಮಧುರೆ ಜಿಲ್ಲೆಯಿಂದ ಬೇರೆಯಾದದ್ದು 1990ರ ದಶಕದ ಉತ್ತರಾರ್ಧದಲ್ಲಿ. ದಿಂಡಿಗಲ್ ಅದಕ್ಕೂ ಮೊದಲು, 1985ರಲ್ಲಿ. 2011ರ ಜನಗಣತಿಯ ಪ್ರಕಾರ ತೇನಿಯಲ್ಲಿ 12,45,899 ಜನ, ದಿಂಡಿಗಲ್‌ನಲ್ಲಿ 21,59,775. ಉತ್ತಮಪಾಳಯಂ, ಕಂಬಂ, ಗೂಡಲೂರುಗಳನ್ನು ಒಳಗೊಂಡ ಕಂಬಂ ಕಣಿವೆಯ ಒಂದು ಬದಿಗೆ ಪಶ್ಚಿಮಘಟ್ಟದ ಮುಖ್ಯ ಸಾಲು, ಇನ್ನೊಂದು ಬದಿಗೆ ಮೇಘಮಲೆ. ಘಟ್ಟ ಹತ್ತಿದರೆ ಕುಮುಳಿ, ಕಂಬಂಮೆಟ್ಟು, ಬೋಡಿಮೆಟ್ಟುಗಳ ಮೂಲಕ ಕೇರಳದ ಇಡುಕ್ಕಿ. ಇಲ್ಲಿಯ ಕೂಲಿಯವರು, ಅದರಲ್ಲೂ ಹೆಂಗಸರು, ಬೆಳಗಿನ ಜೀಪು ಹತ್ತಿ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಇಳಿದು ಬರುತ್ತಾರೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಶುರುವಾದದ್ದು 2004ರಲ್ಲಿ, ಅದೂ ಕಣಿವೆಯ ಒಳಗಲ್ಲ, ಆಂಡಿಪಟ್ಟಿ ಕಡೆಯ ಕಾನಾವಿಲಕ್ಕಿನಲ್ಲಿ. ದಿಂಡಿಗಲ್‌ಗೆ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2022ರ ಜನವರಿಯಲ್ಲಿ, ಎಂದರೆ ಮಹಾಮಾರಿಯ ಎರಡು ದೊಡ್ಡ ಅಲೆಗಳು ಕಳೆದ ಮೇಲೆ. ಮಧುರೆ–ಬೋಡಿನಾಯಕ್ಕನೂರು ರೈಲು ಮಾರ್ಗ ಹಳಿ ಅಗಲೀಕರಣಕ್ಕೆಂದು ಮುಚ್ಚಿ ದಶಕವೇ ಕಳೆದಿತ್ತು. ತೇನಿಗೆ ಮತ್ತೆ ರೈಲು ಬಂದದ್ದು 2022ರ ಮೇ ತಿಂಗಳಲ್ಲಿ. ಹೀಗಾಗಿ 2020ರಲ್ಲಿ ಕಣಿವೆಯ ರೋಗಿಗೆ ಇದ್ದದ್ದು ರಸ್ತೆಯೊಂದೇ, ಬಡವರ ಪಾಲಿಗೆ ಬಸ್ಸೊಂದೇ.

ಕನ್ನಡ ಓದುಗರಿಗೆ ಈ ಪ್ರದೇಶ ಪರಕೀಯವಲ್ಲ. ತಮಿಳು, ತೆಲುಗುಗಳ ನಂತರ ತೇನಿ ಸೀಮೆಯಲ್ಲಿ ಹೆಚ್ಚು ಕೇಳಿಬರುವ ಮನೆಮಾತು ಕನ್ನಡ. ಕಪ್ಪಿಲಿಯರ್, ಅನುಪ್ಪರ್ ಸಮುದಾಯಗಳು ಇಲ್ಲಿ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿವೆ, 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಮಧುರೆ ಗೆಜೆಟಿಯರ್ ಈ ಎರಡೂ ಕನ್ನಡ ಸಮುದಾಯಗಳನ್ನು ಹೆಸರಿಸುತ್ತದೆ. ದಿಂಡಿಗಲ್ ಬಳಿಯ ಚಿನ್ನಾಳಪಟ್ಟಿಯ ನೇಕಾರ ದೇವಾಂಗರ ಮನೆಗಳಲ್ಲೂ ಕನ್ನಡವೇ. ಇವರು ಓದುವುದು, ಬರೆಯುವುದು, ಆಸ್ಪತ್ರೆಯಲ್ಲಿ ಮಾತಾಡುವುದು ತಮಿಳಿನಲ್ಲಿ. ಕಿವಿಯ ಚಿಕಿತ್ಸೆಯಲ್ಲಿ ಈ ಸಂಗತಿಗೆ ಎಷ್ಟು ತೂಕವಿದೆ ಎಂಬುದನ್ನು ಮುಂದೆ ನೋಡೋಣ.

ಈಗ ಡ್ರಿಲ್‌ನ ವಿಷಯ. ಮ್ಯಾಸ್ಟಾಯ್ಡ್ ಎಲುಬನ್ನು ಕ್ರಮಬದ್ಧವಾಗಿ ತೆರೆಯುವ ವಿಧಾನವನ್ನು ಜರ್ಮನಿಯ ಷ್ವಾರ್ಟ್ಸೆ ಮತ್ತು ಐಸೆಲ್ 1873ರಲ್ಲಿ ವಿವರಿಸಿದರು. ಅವರದು ಉಳಿ ಮತ್ತು ಸುತ್ತಿಗೆಯ ಕಾಲ. ಇಂದಿನ ಡ್ರಿಲ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಎಲುಬು ಕಾಯದಂತೆ ಅದರ ತುದಿಗೆ ಸತತವಾಗಿ ನೀರು ಬಿಡಬೇಕು. ನೀರು, ರಕ್ತ, ಎಲುಬಿನ ಪುಡಿ, ಮಧ್ಯಕಿವಿಯ ಲೋಳೆಪೊರೆಯ ಚೂರುಗಳೆಲ್ಲ ಸೇರಿ ಗಾಳಿಗೆ ಏಳುವ ತುಂತುರು ಥಿಯೇಟರಿನಲ್ಲಿ ನಿಂತವರ ಮುಖ, ತೋಳು, ಮೈಕ್ರೋಸ್ಕೋಪಿನ ಮೇಲೆ ಬೀಳುತ್ತದೆ. ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಯೂಸ್ಟೇಶಿಯನ್ ನಾಳದ ದಾರಿ ಇದೆ. ಅಲ್ಲಿಂದ ಮ್ಯಾಸ್ಟಾಯ್ಡ್ ಎಲುಬಿನ ಗಾಳಿಗೂಡುಗಳವರೆಗೂ ಒಂದೇ ಲೋಳೆಪೊರೆ ಹರಡಿದೆ. ಮೂಗಿನಲ್ಲಿ ನೆಲೆಸುವ ವೈರಸ್ ಅಲ್ಲಿಗೂ ತಲುಪಬಹುದು ಎಂಬ ಊಹೆ ಆರಂಭದಿಂದಲೂ ಇತ್ತು. 2020ರ ಜುಲೈನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ತಂಡ ಕೊರೊನಾದಿಂದ ತೀರಿಕೊಂಡ ಮೂವರ ಕಿವಿಗಳನ್ನು ಪರೀಕ್ಷಿಸಿ, ಇಬ್ಬರ ಮಧ್ಯಕಿವಿ ಅಥವಾ ಮ್ಯಾಸ್ಟಾಯ್ಡ್‌ನಲ್ಲಿ ವೈರಸ್ ಇದ್ದುದನ್ನು ವರದಿ ಮಾಡಿತು. ಮೂರೇ ಶವಗಳ ಅಧ್ಯಯನದಿಂದ ಪ್ರಮಾಣ ಹೇಳಲಾಗದು. ವೈರಸ್ ಅಲ್ಲಿ ಇರಬಲ್ಲದು ಎಂದಷ್ಟೇ ಅದು ತೋರಿಸಿತು. ಅದೇ ವರ್ಷ ಬಾಸ್ಟನ್‌ನ ಸಂಶೋಧಕರು ಹೊಳೆಯುವ ಬಣ್ಣ ಬೆರೆಸಿ ಶವದ ಮ್ಯಾಸ್ಟಾಯ್ಡ್ ಕೊರೆದು ನೋಡಿದರು. ಹನಿಗಳು ಶಸ್ತ್ರವೈದ್ಯರ ಸುತ್ತ ವ್ಯಾಪಕವಾಗಿ ಚಿಮ್ಮುತ್ತವೆ, ಮೈಕ್ರೋಸ್ಕೋಪಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪರದೆ ಅವನ್ನು ಬಹಳ ಮಟ್ಟಿಗೆ ಹಿಡಿದಿಡುತ್ತದೆ ಎಂದು ಕಂಡುಕೊಂಡರು.

ಇಂಥ ಪ್ರಯೋಗಗಳನ್ನು ಓದುವಾಗ ಒಂದು ಎಚ್ಚರ ಬೇಕು. ತುಂತುರು ಏಳುತ್ತದೆ ಎಂಬುದು ಒಂದು ಸಂಗತಿ. ಆ ತುಂತುರಿನಿಂದ ಥಿಯೇಟರಿನಲ್ಲಿ ಇದ್ದವರಿಗೆ ಸೋಂಕು ತಗಲಿತು ಎಂಬುದು ಬೇರೆ ಸಂಗತಿ. ಮೊದಲನೆಯದನ್ನು ಪ್ರಯೋಗಗಳು ಗಟ್ಟಿಯಾಗಿ ತೋರಿಸಿವೆ. ಎರಡನೆಯದನ್ನು ಅವು ತೋರಿಸಿಲ್ಲ, ತೋರಿಸುವ ಉದ್ದೇಶವೂ ಅವಕ್ಕಿರಲಿಲ್ಲ. ಹಾಗೆಂದು ಪರದೆ ಬೇಡ ಎನ್ನಲಾಗದು. ದಾರಿ ತೆರೆದಿದೆ ಎಂದು ಗೊತ್ತಾದ ಮೇಲೆ, ಅಗ್ಗದ ಪ್ಲಾಸ್ಟಿಕ್ ಹಾಳೆಯೊಂದು ಅದನ್ನು ಮುಚ್ಚುವುದಾದರೆ ಮುಚ್ಚುವುದೇ ಸರಿ. ಜಿಲ್ಲಾ ಮಟ್ಟದ ಆಸ್ಪತ್ರೆಗೆ ಈ ಪರದೆ ದೊಡ್ಡ ವರ: ಮೈಕ್ರೋಸ್ಕೋಪಿಗೆ ಹೊದಿಸುವ ಸ್ಟೆರೈಲ್ ಹೊದಿಕೆಯನ್ನೇ ಕೆಳಕ್ಕೆ ಇಳಿಬಿಟ್ಟು, ರೋಗಿಯ ತಲೆಯ ಸುತ್ತ ಅಂಟಿಸಿ, ಕೈ ತೂರಿಸಲು ಎರಡು ಕಿಂಡಿ ಮಾಡಿ, ಒಳಗೆ ಎರಡನೆಯ ಸಕ್ಷನ್ ಕೊಳವೆ ಇಟ್ಟರೆ ಕೆಲಸ ನಡೆಯುತ್ತದೆ.

ಇನ್ನೊಂದು ತೊಡಕನ್ನು ಕೆಲಸ ಮಾಡುವವರೇ ಬಲ್ಲರು. ಕಿವಿಯ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣು ಮೈಕ್ರೋಸ್ಕೋಪಿನ ಐಪೀಸಿಗೆ ತಾಗಿಕೊಂಡೇ ಇರಬೇಕು. ಕನ್ನಡಕದಂಥ ಗಾಗಲ್ ಅಥವಾ ಮುಖಗವಚ ತೊಟ್ಟರೆ ಕಣ್ಣು ಹಿಂದೆ ಸರಿಯುತ್ತದೆ, ಕಾಣುವ ವೃತ್ತ ಕಿರಿದಾಗುತ್ತದೆ, ಎನ್-95 ಒಳಗಿನ ಉಸಿರು ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಮುಖದ ನರ ಮಿಲಿಮೀಟರುಗಳ ಅಂತರದಲ್ಲಿ ಹಾದುಹೋಗುವ ಜಾಗ ಅದು. ವೈದ್ಯರನ್ನು ಸೋಂಕಿನಿಂದ ಕಾಯುವ ಸಾಧನವೇ ರೋಗಿಯ ಮುಖದ ನರಕ್ಕೆ ಅಪಾಯ ತರುವಂತಾದರೆ ಅದನ್ನು ಸುರಕ್ಷತೆ ಎನ್ನುವುದು ಹೇಗೆ? ಈ ಕಾರಣಕ್ಕೆ ಅನೇಕರು ಎಂಡೋಸ್ಕೋಪಿನತ್ತ ತಿರುಗಿದರು. ಕಿವಿಯ ರಂಧ್ರದ ಮೂಲಕವೇ ಎಂಡೋಸ್ಕೋಪ್ ತೂರಿಸಿ ಪರದೆಯ ಮೇಲೆ ನೋಡಿಕೊಂಡು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಮುಖಗವಚ ಅಡ್ಡಿಯಾಗದು. ಎಲುಬು ಕೊರೆಯುವುದೂ ಕಡಿಮೆ. ಅಗತ್ಯವಿರುವಷ್ಟು ಎಲುಬನ್ನು ಕ್ಯುರೆಟ್‌ನಿಂದ ಕೆರೆದು ತೆಗೆಯಬಹುದು. ತೊಂದರೆ ಎಂದರೆ ಒಂದು ಕೈ ಎಂಡೋಸ್ಕೋಪಿಗೇ ಮೀಸಲಾಗುತ್ತದೆ. ಮ್ಯಾಸ್ಟಾಯ್ಡ್ ಒಳಗೆ ಆಳವಾಗಿ ಹಬ್ಬಿದ ರೋಗಕ್ಕೆ ಅದು ಸಾಲದು. ರೂಢಿಯಿಲ್ಲದ ಕೈ ಮಹಾಮಾರಿಯ ನಡುವೆ ಹೊಸ ವಿಧಾನ ಕಲಿಯಲು ಹೊರಡುವುದನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಗೊತ್ತಿರುವ ವಿಧಾನವನ್ನು ನಿಧಾನವಾಗಿ, ಕಡಿಮೆ ವೇಗದ ಡ್ರಿಲ್‌ನಿಂದ, ಪರದೆಯೊಳಗೆ ಮಾಡುವುದು ಹೆಚ್ಚು ಕ್ಷೇಮ.

ಅರಿವಳಿಕೆಯ ಆಯ್ಕೆಯಲ್ಲಿ ನಮ್ಮ ಕಡೆಯ ಅಭ್ಯಾಸ ಅನುಕೂಲಕ್ಕೆ ಬಂತು. ಕಿವಿತಮಟೆಯ ತೂತು ಮುಚ್ಚುವ ಶಸ್ತ್ರಚಿಕಿತ್ಸೆಯನ್ನು ಭಾರತದ ಬಹಳಷ್ಟು ಶಸ್ತ್ರವೈದ್ಯರು ಲೋಕಲ್ ಅರಿವಳಿಕೆಯಲ್ಲೇ, ಸ್ವಲ್ಪ ಮಂಪರು ಕೊಟ್ಟು ಮಾಡುತ್ತಾರೆ. ಶ್ವಾಸನಾಳಕ್ಕೆ ಕೊಳವೆ ಇಳಿಸುವ ಹೊತ್ತಿನ ಅಪಾಯ ಇದರಿಂದ ತಪ್ಪುತ್ತದೆ. ಆದರೆ ರೋಗಿ ಎಚ್ಚರವಿರುತ್ತಾನೆ, ಉಸಿರಾಡುತ್ತಾನೆ, ಕೆಮ್ಮುತ್ತಾನೆ. ಕಿವಿಯ ರಂಧ್ರದ ಚರ್ಮಕ್ಕೆ ವೇಗಸ್ ನರದ ಒಂದು ಕವಲು ಬರುತ್ತದೆ. ಅರ್ನಾಲ್ಡ್ ನರ ಎಂದು ಅದರ ಹೆಸರು. ಕಿವಿ ಮುಟ್ಟಿದರೆ ಕೆಲವರಿಗೆ ಕೆಮ್ಮು ಬರುವುದು ಆ ನರದಿಂದಲೇ. ಆದ್ದರಿಂದ ಒಪಿಡಿಯಲ್ಲಿ ಗುಗ್ಗೆ ತೆಗೆಯುವಂಥ ಸಣ್ಣ ಕೆಲಸಕ್ಕೂ ರೋಗಿಯ ಮಾಸ್ಕ್ ಮುಖದ ಮೇಲೇ ಇರಬೇಕು, ವೈದ್ಯರು ಎದುರಿಗಿರದೆ ಪಕ್ಕಕ್ಕೆ ಕೂರಬೇಕು. ಥಿಯೇಟರಿನ ಗಾಳಿಯದೂ ಇಂಥದೇ ಲೆಕ್ಕ. ಗಂಟೆಗೆ 12 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ಶೇ. 99ರಷ್ಟು ಹೊರಹೋಗಲು ಸುಮಾರು 23 ನಿಮಿಷ ಬೇಕು; 6 ಬಾರಿ ಮಾತ್ರ ಬದಲಾಗುವಲ್ಲಿ 46 ನಿಮಿಷ. ಸ್ಪ್ಲಿಟ್ ಎಸಿ ಹಾಕಿ ಕಿಟಕಿ ಮುಚ್ಚಿದ ಸಣ್ಣ ಥಿಯೇಟರಿನಲ್ಲಿ ಇದ್ದ ಗಾಳಿಯೇ ಸುತ್ತುತ್ತದೆ. ಅಲ್ಲಿ ಎಕ್ಸಾಸ್ಟ್ ಫ್ಯಾನು ಹಾಕಿಸುವುದು ದುಬಾರಿ ರಕ್ಷಣಾ ಸೂಟುಗಳಿಗಿಂತ ಮೊದಲು ಆಗಬೇಕಾದ ಕೆಲಸ.

ಇಷ್ಟೆಲ್ಲ ಥಿಯೇಟರಿನ ಒಳಗಿನದು. ಇಲ್ಲಿಂದ ನಾನು ಕಣಿವೆಗೆ ಬರುತ್ತೇನೆ.

ಭಾರತದಲ್ಲಿ ಕಿವಿ ಸೋರುವುದು ಅಪರೂಪದ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ದೀರ್ಘಕಾಲದ ಕಿವಿ ಸೋರಿಕೆಯ ಹೊರೆಯನ್ನು ಲೆಕ್ಕ ಹಾಕಿದಾಗ, ಜನಸಂಖ್ಯೆಯ ಶೇ. 4ಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಕಾಣುವ, ಅತಿ ಹೆಚ್ಚು ಹೊರೆಯ ದೇಶಗಳ ಸಾಲಿನಲ್ಲಿ ಭಾರತವನ್ನು ಇಟ್ಟಿತು. ಮುಲ್ಲಪೆರಿಯಾರ್ ನೀರು ಹರಿಯುವ ಕಣಿವೆಯಲ್ಲಿ ಮಕ್ಕಳು ಕಾಲುವೆಯಲ್ಲಿ ಈಜುತ್ತಾರೆ. ತಮಟೆಯಲ್ಲಿ ತೂತಿರುವ ಮಗುವಿನ ಕಿವಿ ನೀರು ಹೋದಾಗಲೆಲ್ಲ ಸೋರುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದು ಮನೆಮದ್ದು. ಎಣ್ಣೆ ನೋವಿಗೆ ಒಂದಿಷ್ಟು ಹಿತ ಕೊಟ್ಟರೂ ತೂತಿರುವ ಕಿವಿಯಲ್ಲಿ ಅದು ಒಳಕ್ಕೆ ಇಳಿಯುತ್ತದೆ, ಶಿಲೀಂಧ್ರ ಬೆಳೆಯಲು ದಾರಿ ಮಾಡುತ್ತದೆ.

ಸೋರುವ ಕಿವಿಗಳಲ್ಲಿ ಎರಡು ಬಗೆ. ತಮಟೆಯ ನಡುವೆ ತೂತಿದ್ದು, ನೆಗಡಿಯಾದಾಗ ಅಥವಾ ನೀರು ಹೋದಾಗ ತೆಳ್ಳಗೆ, ಲೋಳೆಯಾಗಿ, ವಾಸನೆಯಿಲ್ಲದೆ ಸೋರುವುದು ಒಂದು. ಇದರ ತೂತನ್ನು ಮುಚ್ಚುವ ಶಸ್ತ್ರಚಿಕಿತ್ಸೆ ವರ್ಷ ತಡವಾದರೂ ಜೀವಕ್ಕೆ ಅಪಾಯವಿಲ್ಲ. ಕಿವಿ ಒಣಗಿಸಿಟ್ಟುಕೊಂಡರೆ ಸಾಕು. ಎರಡನೆಯದು ತಮಟೆಯ ಮೇಲ್ಭಾಗ ಒಳಕ್ಕೆ ಸೆಳೆದು, ಅಲ್ಲಿ ಚರ್ಮದ ಪದರ ಗಂಟುಕಟ್ಟಿ ಬೆಳೆಯುವ ಕೊಲೆಸ್ಟಿಯಟೋಮಾ. ಸೋರುವುದು ಕೊಂಚವೇ, ಆದರೆ ಕೊಳೆತ ನಾತ. ಇದು ಕಿವಿಯ ಸಣ್ಣ ಮೂಳೆಗಳನ್ನು ತಿನ್ನುತ್ತದೆ, ಮುಖದ ನರದ ಹೊದಿಕೆಯನ್ನು ತಿನ್ನುತ್ತದೆ, ಸಮತೋಲನದ ಅರೆವೃತ್ತ ನಾಳವನ್ನು ತಿನ್ನುತ್ತದೆ, ಕೊನೆಗೆ ಮಿದುಳಿನ ಕೆಳಗಿನ ತೆಳು ಎಲುಬನ್ನು ತಿನ್ನುತ್ತದೆ. ಕಿವಿಯ ಹಿಂದೆ ಬಾವು, ಮುಖ ಓರೆಯಾಗುವುದು, ತಲೆಸುತ್ತು, ಚಳಿಜ್ವರದೊಂದಿಗೆ ತಲೆನೋವು, ವಾಂತಿ ಇವುಗಳಲ್ಲಿ ಒಂದು ಕಂಡರೂ ಆ ಕಿವಿ ಕಾಯಲಾರದು. ಲಾಕ್‌ಡೌನ್ ಇರಲಿ, ಪರೀಕ್ಷೆಯ ವರದಿ ಬಾರದಿರಲಿ, ರೋಗಿಯನ್ನು ಸೋಂಕಿತನೆಂದೇ ಭಾವಿಸಿ ಎಲ್ಲ ರಕ್ಷಣೆಯೊಂದಿಗೆ ಆ ದಿನವೇ ಕೀವು ಬಿಡಿಸಬೇಕು.

ಬೇರ್ಪಡಿಸುವ ಈ ಕೆಲಸಕ್ಕೆ ಬೇಕಾದ ಉಪಕರಣ ಒಂದು ಓಟೋಸ್ಕೋಪ್, ಮೂಗು, ಅನುಭವದ ಕಣ್ಣು. 2020ರಲ್ಲಿ ಎದ್ದ ಪ್ರಶ್ನೆ, ಆ ಕಣ್ಣಿನ ಹತ್ತಿರಕ್ಕೆ ರೋಗಿ ಹೇಗೆ ತಲುಪಬೇಕು ಎಂಬುದು. ತಮಿಳುನಾಡಿನಲ್ಲಿ ಮಾರ್ಚ್ 24ರ ಸಂಜೆಯಿಂದ ನಿಷೇಧಾಜ್ಞೆ, ಮರುದಿನದಿಂದ ದೇಶವ್ಯಾಪಿ ಲಾಕ್‌ಡೌನ್. ಜೂನ್‌ನಲ್ಲಿ ವಲಯಗಳೊಳಗೆ ಬಸ್ ಬಿಟ್ಟರೂ ಆ ತಿಂಗಳ ಕೊನೆಗೆ ಮಧುರೆಯಲ್ಲಿ ಮತ್ತೆ ಬಿಗಿ ಲಾಕ್‌ಡೌನ್ ಬಂತು; ಜಿಲ್ಲೆ ದಾಟಲು ಇ-ಪಾಸ್ ಬೇಕಾಯಿತು. ಅದು ರದ್ದಾದದ್ದು ಸೆಪ್ಟೆಂಬರ್ 1ಕ್ಕೆ. ತೇನಿಯ ರೋಗಿಗೆ ದೊಡ್ಡ ಕಿವಿ ಶಸ್ತ್ರಚಿಕಿತ್ಸೆ ಎಂದರೆ ಬಹಳ ಸಲ ಮಧುರೆ. ಮಧುರೆ ಎಂದರೆ ಜಿಲ್ಲೆ ದಾಟುವುದು. ಕನ್ನಡಿಗರಿಗೆ ಇದರ ಇನ್ನೊಂದು ರೂಪ ತಲಪಾಡಿಯಲ್ಲಿ ಕಂಡಿದೆ. ಅದೇ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಸಿಕ್ಕಿಬಿದ್ದರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರದ ಹೊತ್ತಿಗೆ ತುರ್ತು ರೋಗಿಗಳನ್ನು ಬಿಡುವ ವ್ಯವಸ್ಥೆಯಾಯಿತು. ಅಲ್ಲಿ ತುರ್ತು ಎಂದರೆ ಹೃದಯ, ಹೆರಿಗೆ, ಡಯಾಲಿಸಿಸ್. ಚೆಕ್‌ಪೋಸ್ಟಿನ ಪೊಲೀಸರಿಗೆ ಕಿವಿಯ ಕೀವು ತುರ್ತು ಎಂದು ತೋರುವುದು ಕಷ್ಟ. ಅದು ಮಿದುಳಿಗೆ ಏರಬಲ್ಲದು ಎಂದು ಬರೆದ ವೈದ್ಯರ ಚೀಟಿಯೇ ಅಂಥ ರೋಗಿಗೆ ಪಾಸ್.

ತೇನಿಗೆ ಒಂದು ಬಲವಿತ್ತು, ಅದನ್ನು ಗುರುತಿಸಲೇಬೇಕು. ಮಹಾಮಾರಿಯ ಆರಂಭದಲ್ಲಿ ತಮಿಳುನಾಡಿನಲ್ಲಿ ಕೊರೊನಾ ಪರೀಕ್ಷೆ ಮಾಡಬಲ್ಲ ಪ್ರಯೋಗಾಲಯಗಳು ಕೈಬೆರಳೆಣಿಕೆಯಷ್ಟಿದ್ದವು. ಚೆನ್ನೈನ ಕಿಂಗ್ ಇನ್‌ಸ್ಟಿಟ್ಯೂಟಿನ ಜೊತೆಗೆ ಆ ಮೊದಲ ಪಟ್ಟಿಯಲ್ಲೇ ತೇನಿ ವೈದ್ಯಕೀಯ ಕಾಲೇಜಿನ ವೈರಾಣು ಪ್ರಯೋಗಾಲಯ ಇತ್ತು. ಶಸ್ತ್ರಚಿಕಿತ್ಸೆಗೆ ಮೊದಲು ಪರೀಕ್ಷೆ ಮಾಡಿಸಿ, ವರದಿ ಬರುವವರೆಗೆ ರೋಗಿಯನ್ನು ಪ್ರತ್ಯೇಕವಾಗಿರಿಸುವ ಕ್ರಮಕ್ಕೆ ಹತ್ತಿರದ ಪ್ರಯೋಗಾಲಯ ಎಷ್ಟು ನೆರವಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಮೇ ತಿಂಗಳಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಕೋವಿಡ್‌ಸರ್ಜ್ ಅಧ್ಯಯನ 24 ದೇಶಗಳ 235 ಆಸ್ಪತ್ರೆಗಳ 1,128 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸೋಂಕು ತಗಲಿದವರಲ್ಲಿ ಶೇ. 23.8 ಮಂದಿ 30 ದಿನದೊಳಗೆ ಸತ್ತಿದ್ದರು. ಈ ಅಂಕಿಯನ್ನು ತಮಟೆ ಮುಚ್ಚಿಸಿಕೊಳ್ಳುವ ಇಪ್ಪತ್ತೈದರ ಯುವಕನಿಗೆ ಹಾಗೇ ಹೊಂದಿಸಬಾರದು, ಏಕೆಂದರೆ ಅದರಲ್ಲಿ ತುರ್ತು ಶಸ್ತ್ರಚಿಕಿತ್ಸೆಯವರೂ ವಯಸ್ಸಾದವರೂ ಬಹಳ. ಆದರೂ ಕಾಯಬಲ್ಲ ಕಿವಿಯನ್ನು ಕಾಯಿಸಲು ಅಷ್ಟು ಕಾರಣ ಸಾಕಿತ್ತು. ಮರುವರ್ಷ ಅದೇ ಗುಂಪು, ಸೋಂಕು ಬಂದುಹೋದವರಿಗೆ ಸಾಧ್ಯವಾದರೆ ಏಳು ವಾರ ಬಿಟ್ಟು ಶಸ್ತ್ರಚಿಕಿತ್ಸೆ ಮಾಡಿರಿ ಎಂದಿತು.

ಕಾಯಿಸುವುದೆಂದರೆ ಕೈಬಿಡುವುದಲ್ಲ. ಶಸ್ತ್ರಚಿಕಿತ್ಸೆ ಮುಂದೂಡಿದ ಸುರಕ್ಷಿತ ಕಿವಿಗೆ ಮನೆಯಲ್ಲೇ ಮಾಡಬಹುದಾದ ಚಿಕಿತ್ಸೆಯೊಂದು ಬೇಕು. ಸ್ವಚ್ಛ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿ ಒರೆಸಿ ಒಣಗಿಸುವುದು, ಆಮೇಲೆ ಹನಿ ಹಾಕುವುದು. ಯಾವ ಹನಿ? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ 2003ರಲ್ಲಿ ಬಂದ, 40 ರೋಗಿಗಳ ಒಂದು ಅಧ್ಯಯನ ಪೊವಿಡೋನ್ ಅಯೋಡಿನ್ ಹನಿ ಮತ್ತು ಸಿಪ್ರೊಫ್ಲೊಕ್ಸಾಸಿನ್ ಹನಿಗಳನ್ನು ಹೋಲಿಸಿತು. ಎರಡೂ ಸರಿಸುಮಾರು ಒಂದೇ ಫಲ ಕೊಟ್ಟವು. ಪೊವಿಡೋನ್ ಅಗ್ಗ, ಅದಕ್ಕೆ ರೋಗಾಣುಗಳು ಒಗ್ಗಿಕೊಳ್ಳುವ ಭಯವೂ ಕಡಿಮೆ. ಸಣ್ಣ ಅಧ್ಯಯನವೇ ಸರಿ, ಆದರೆ ಇದೇ ರಾಜ್ಯದ ಆಸ್ಪತ್ರೆಯದು. ಕೈ ತೊಳೆಯಲು ಬಳಸುವ, ಸೋಪು ಅಥವಾ ಸ್ಪಿರಿಟ್ ಬೆರೆತ ಪೊವಿಡೋನ್ ಮಾತ್ರ ಕಿವಿಗೆ ಹೋಗಕೂಡದು. ಔಷಧದ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಜೆಂಟಾಮೈಸಿನ್, ನಿಯೋಮೈಸಿನ್ ಹನಿಗಳ ಬಗ್ಗೆಯೂ ಎಚ್ಚರ ಬೇಕು. ತಮಟೆಯಲ್ಲಿ ತೂತಿದ್ದರೆ ಅವು ಒಳಕಿವಿಗೆ ಹಾನಿ ಮಾಡಬಲ್ಲವು. ಆಸ್ಪತ್ರೆ ದೂರವಾಗಿ ಔಷಧದ ಅಂಗಡಿಯೊಂದೇ ತೆರೆದಿದ್ದ ತಿಂಗಳುಗಳಲ್ಲಿ ಈ ಒಂದು ಮಾತು ಅಂಗಡಿಯವರಿಗೂ ತಲುಪಬೇಕಿತ್ತು.

ದೂರದಿಂದ ನೋಡುವ ವೈದ್ಯಕೀಯಕ್ಕೆ ಕಾನೂನಿನ ದಾರಿ 2020ರ ಮಾರ್ಚ್ 25ರಂದು ತೆರೆಯಿತು. ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟವಾದದ್ದು ಅಂದು. ಏಪ್ರಿಲ್‌ನಲ್ಲಿ ಇ-ಸಂಜೀವನಿ ಒಪಿಡಿ ಬಂತು, ಅದನ್ನು ಆರಂಭದಲ್ಲಿ ಅತಿ ಹೆಚ್ಚು ಬಳಸಿದ ರಾಜ್ಯಗಳಲ್ಲಿ ತಮಿಳುನಾಡೂ ಒಂದು. ತಮಿಳುನಾಡಿಗೆ ಇದು ತೀರ ಹೊಸದೂ ಅಲ್ಲ. ಉಪಗ್ರಹ ಸಂಪರ್ಕವಿರುವ ವ್ಯಾನಿನಲ್ಲಿ ಹಳ್ಳಿಯ ನವಜಾತ ಶಿಶುಗಳ ಶ್ರವಣ ಪರೀಕ್ಷೆಯನ್ನು ದೂರದಿಂದ ಮಾಡಿದ ಪ್ರಯೋಗವೊಂದು 2013ರಲ್ಲೇ ಪ್ರಕಟವಾಗಿದೆ. ಕಿವಿಯ ಮಟ್ಟಿಗೆ ಫೋನಿನ ಮಿತಿ ಎದ್ದುಕಾಣುತ್ತದೆ: ಕತ್ತಲ ರಂಧ್ರದ ಕೊನೆಯ ತಮಟೆ ಸಾಮಾನ್ಯ ಕ್ಯಾಮೆರಾಕ್ಕೆ ಕಾಣದು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊಬೈಲಿಗೆ ಜೋಡಿಸುವ ಓಟೋಸ್ಕೋಪ್ ಒಂದಿದ್ದು, ಅಲ್ಲಿಯ ನರ್ಸ್ ತೆಗೆದ ಚಿತ್ರ ಕಾನಾವಿಲಕ್ಕಿನ ಇಎನ್‌ಟಿ ವೈದ್ಯರಿಗೆ ತಲುಪಿದರೆ ಕಾಯಬಲ್ಲ ಕಿವಿಯ ರೋಗಿ ಬಸ್ಸು ಹತ್ತುವುದೇ ಬೇಡ. ಕೆಲವು ಪರೀಕ್ಷೆಗಳಿಗೆ ಚಿತ್ರವೂ ಬೇಡ. ಬೆಳಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದವರಿಗೆ ಫೋನಿನಲ್ಲೇ, ಬಾಯಿ ಮುಚ್ಚಿಕೊಂಡು ‘ಹೂಂ’ ಎಂದು ಗುನುಗಿ ಎನ್ನಬೇಕು. ಆ ದನಿ ಕೇಳಿಸದ ಕಿವಿಯಲ್ಲೇ ಜೋರಾಗಿ ಮೊಳಗಿದರೆ ತೊಂದರೆ ಬಹುಶಃ ಗುಗ್ಗೆ ಅಥವಾ ಮಧ್ಯಕಿವಿಯದು, ಕಾಯಬಹುದು. ಒಳ್ಳೆಯ ಕಿವಿಯ ಕಡೆಗೆ ಸರಿದರೆ ಒಳಕಿವಿಯ ನರದ್ದಿರಬಹುದು. ಸ್ಟಿರಾಯ್ಡ್ ಚಿಕಿತ್ಸೆಗೆ ಇರುವುದು ಎರಡು ವಾರದ ಅವಕಾಶ, ಆ ರೋಗಿ ಇ-ಪಾಸಿಗಾಗಿ ಕಾಯಕೂಡದು. ನೋವಿಲ್ಲದ ಕಾಯಿಲೆಯಾದ್ದರಿಂದ ಜನ ತಾವಾಗಿ ಅವಸರ ಮಾಡುವುದಿಲ್ಲ. ಆ ಅವಸರವನ್ನು ವೈದ್ಯರೇ ಮಾಡಬೇಕು.

ಯಾವ ಶಸ್ತ್ರಚಿಕಿತ್ಸೆ ಎಂಬ ಆಯ್ಕೆಯ ಮೇಲೂ ರಸ್ತೆಯ ನೆರಳಿದೆ. ಕೊಲೆಸ್ಟಿಯಟೋಮಾ ತೆಗೆಯುವಾಗ ಕಿವಿಯ ರಂಧ್ರದ ಹಿಂಗೋಡೆಯನ್ನು ಉಳಿಸಬಹುದು, ಅಥವಾ ತೆಗೆದು ದೊಡ್ಡ ಗುಹೆಯನ್ನೇ ಮಾಡಬಹುದು. ಗೋಡೆ ಉಳಿಸಿದರೆ ಕಿವಿಯ ಆಕಾರ ಸಹಜವಾಗಿರುತ್ತದೆ, ಆದರೆ ರೋಗ ಒಳಗೆ ಅಡಗಿ ಮರುಕಳಿಸಿತೇ ಎಂದು ನೋಡಲು ವರ್ಷದೊಳಗೆ ಎರಡನೆಯ ಶಸ್ತ್ರಚಿಕಿತ್ಸೆಯೋ ಎಂಆರ್‌ಐಯೋ ಬೇಕಾಗುತ್ತದೆ. ಗೋಡೆ ತೆಗೆದರೆ ಒಂದೇ ಸಲಕ್ಕೆ ಮುಗಿಯುವ ಸಾಧ್ಯತೆ ಹೆಚ್ಚು. ಆ ಗುಹೆಯನ್ನು ಆಗಾಗ ಶುಚಿ ಮಾಡಿಸಿಕೊಳ್ಳುತ್ತಿರಬೇಕು, ನೀರಿಗೆ ಇಳಿಯುವಂತಿಲ್ಲ. ರೋಗಿ ಮರಳಿ ಬರುವ ಭರವಸೆ ಇಲ್ಲದಲ್ಲಿ ನಮ್ಮ ಶಸ್ತ್ರವೈದ್ಯರು ಗೋಡೆ ತೆಗೆಯುವುದನ್ನೇ ಆರಿಸುವುದುಂಟು. ಬಸ್ಸಿಲ್ಲದ ವರ್ಷದಲ್ಲಿ ಈ ವಾದ ಇನ್ನೂ ಬಲವಾಗುತ್ತದೆ, ಡ್ರಿಲ್ ಹೆಚ್ಚು ಹೊತ್ತು ಓಡಿದರೂ ಸರಿಯೇ. ನನ್ನ ತೀರ್ಮಾನವೂ ಆ ಕಡೆಗೇ, ಒಂದು ಷರತ್ತಿನ ಮೇಲೆ: ಗುಹೆ ಶುಚಿ ಮಾಡುವ ಸೌಕರ್ಯ ಕಂಬಂ, ಉತ್ತಮಪಾಳಯಂ, ಬೋಡಿಗಳ ಸರ್ಕಾರಿ ಆಸ್ಪತ್ರೆಗಳ ಮಟ್ಟದಲ್ಲೇ ಇರಬೇಕು. ಇದರ ಜೊತೆಗೆ ಸಣ್ಣ ಬದಲಾವಣೆಗಳಿವೆ. ಕರಗುವ ಹೊಲಿಗೆ ಹಾಕಿದರೆ ಏಳನೆಯ ದಿನ ಹೊಲಿಗೆ ಬಿಚ್ಚಿಸಲು ಯಾರೂ ಬರಬೇಕಿಲ್ಲ. ಕಿವಿಯ ಹಿಂದೆ ಗಾಯವಿರುವವರಿಗೆ ಕಿವಿಗೆ ಸಿಕ್ಕಿಸುವ ಮಾಸ್ಕ್ ಬೇಡ, ತಲೆಯ ಹಿಂದೆ ಕಟ್ಟುವ ದಾರದ ಮಾಸ್ಕ್ ಬೇಕು. ಗಾಯದ ಫೋಟೋ ಕಳಿಸುವುದು ಹೇಗೆಂದು ಮನೆಗೆ ಹೊರಡುವ ಮುನ್ನ ಮನೆಯವರಿಗೆ ತೋರಿಸಿಕೊಡಬೇಕು.

ಮಕ್ಕಳ ಕಾಲಮಾನ ಬೇರೆ. ಹುಟ್ಟು ಕಿವುಡಿನ ಮಗುವಿನ ಮಿದುಳು ಶಬ್ದವನ್ನು ಅರ್ಥಮಾಡಿಕೊಳ್ಳಲು ಅತ್ಯಂತ ಹದವಾಗಿರುವುದು ಮೊದಲ ಮೂರೂವರೆ ವರ್ಷ. ಆಮೇಲೆ ಆ ಹದ ಕಡಿಮೆಯಾಗುತ್ತಾ ಹೋಗುತ್ತದೆ. ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ ಯೋಜನೆ ಆರು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಕೊಡುತ್ತದೆ. 2020ರಲ್ಲಿ ಎರಡು ವರ್ಷವಾಗಿದ್ದ ಮಗುವಿಗೆ ಒಂದು ವರ್ಷದ ಮುಂದೂಡಿಕೆ ಎಂದರೆ ಉಳಿದ ಹದದ ಬಹುಪಾಲು ಕಳೆದಂತೆ. ಮೆದುಳುಪೊರೆಯ ಉರಿಯೂತದಿಂದ ಕಿವುಡಾದ ಮಗುವಿನ ಸ್ಥಿತಿ ಇನ್ನೂ ಬಿಗಿ. ಒಳಕಿವಿಯ ಶಂಖ ವಾರಗಳಲ್ಲೇ ಎಲುಬುಗಟ್ಟತೊಡಗುತ್ತದೆ, ಎಲುಬುಗಟ್ಟಿದ ಮೇಲೆ ಎಲೆಕ್ಟ್ರೋಡ್ ತೂರಿಸುವುದು ಕಷ್ಟ. ಇದು ‘ಆಯ್ಕೆಯ ಶಸ್ತ್ರಚಿಕಿತ್ಸೆ’ ಎಂಬ ಪಟ್ಟಿಯಲ್ಲಿ ಇರಲೇಬಾರದು. ಇಂಪ್ಲಾಂಟ್ ಆದ ಮಕ್ಕಳಿಗೂ ಬ್ಯಾಟರಿ, ಕೇಬಲ್, ಕಾಯಿಲ್‌ಗಳು ಬೇಕು. ಕೊರಿಯರ್ ನಿಂತರೆ ಆ ಮಗು ಮತ್ತೆ ನಿಶ್ಶಬ್ದಕ್ಕೆ ಹೋಗುತ್ತದೆ.

ಇನ್ನು ಮಾಸ್ಕ್ ಮತ್ತು ಮಾತು. 2020ರಲ್ಲಿ ಅಮೆರಿಕದಲ್ಲಿ ಮಾಡಿದ ಅಳತೆಯ ಪ್ರಕಾರ 2,000ದಿಂದ 7,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಸಾಧಾರಣ ಮಾಸ್ಕ್ 3–4 ಡೆಸಿಬಲ್, ಎನ್-95 ಮಾಸ್ಕ್ ಸುಮಾರು 12 ಡೆಸಿಬಲ್ ತಗ್ಗಿಸುತ್ತದೆ. ವಯಸ್ಸಾದಂತೆ ಮೊದಲು ಹೋಗುವ ಶ್ರವಣವೂ ಇದೇ ಮೇಲುಸ್ತರದ್ದು. ಸ, ಶ, ಚ, ತ ಅಕ್ಷರಗಳ ಸ್ಪಷ್ಟತೆ ಇರುವುದು ಇಲ್ಲಿಯೇ. ತುಟಿಯ ಚಲನೆಯೂ ಮರೆಯಾಯಿತು. ಕಂಬಂನ ಕನ್ನಡದ ಮನೆಯೊಂದರ ಎಪ್ಪತ್ತರ ಅಜ್ಜಿಯನ್ನು ಎಣಿಸಿಕೊಳ್ಳಿ. ಕಿವಿ ಮಂದ. ಎದುರಿಗಿರುವ ವೈದ್ಯರ ಬಾಯಿ ಮುಚ್ಚಿದೆ. ಬರುತ್ತಿರುವ ಮಾತು ಆಕೆಯ ಅಂಗಳದ ಮಾತಲ್ಲ, ಸಂತೆ ಮತ್ತು ಸರ್ಕಾರದ ತಮಿಳು. ಆಕೆಗೆ ತಮಿಳು ಬಾರದೆಂದಲ್ಲ, ಚೆನ್ನಾಗಿಯೇ ಬರುತ್ತದೆ. ಆದರೆ ಅರೆಬರೆ ಕೇಳಿದ್ದನ್ನು ಊಹೆಯಿಂದ ತುಂಬಿಕೊಳ್ಳುವ ಶಕ್ತಿ ಎಲ್ಲರಿಗೂ ಮನೆಮಾತಿನಲ್ಲಿ ಹೆಚ್ಚು. ಕಿವಿಗೆ ನೀರು ಹೋಗಬಾರದು, ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟುಕೊಂಡೇ ಸ್ನಾನ ಮಾಡಬೇಕು ಎಂಬ ಸೂಚನೆ ಅಲ್ಲಿ ಜಾರಿದರೆ ಶಸ್ತ್ರಚಿಕಿತ್ಸೆಯೇ ವ್ಯರ್ಥ.

ಶ್ರವಣ ಪರೀಕ್ಷೆಯಲ್ಲಿ ಈ ಪ್ರಶ್ನೆ ಇನ್ನಷ್ಟು ನಿಖರವಾಗುತ್ತದೆ. ಪದಗಳನ್ನು ಕೇಳಿಸಿ ಎಷ್ಟು ಸರಿಯಾಗಿ ಮರಳಿ ಹೇಳುತ್ತಾರೆ ಎಂದು ಅಳೆಯುವ ಪರೀಕ್ಷೆ ರೋಗಿಯ ಭಾಷೆಯಲ್ಲೇ ಇರಬೇಕು. 1965ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಯತಿರಾಜ್ ಮತ್ತು ವಿಜಯಲಕ್ಷ್ಮಿ 2005ರಲ್ಲಿ ಕನ್ನಡದ ಧ್ವನಿಸಮತೋಲನದ ಪದಪಟ್ಟಿ ತಯಾರಿಸಿದ್ದಾರೆ. ಅದನ್ನು ತೇನಿಗೆ ಹಾಗೇ ಒಯ್ದರೆ ಸಾಲದು. ಶತಮಾನಗಳಿಂದ ತಮಿಳಿನ ನಡುವೆ ಬೆಳೆದ ಕಂಬಂ ಕನ್ನಡದಲ್ಲಿ ಅದರ ಕೆಲವು ಪದ ಬಳಕೆಯಲ್ಲಿರದಿರಬಹುದು, ಉಚ್ಚಾರವೂ ಬೇರೆ. ಅಪರಿಚಿತ ಪದಕ್ಕೆ ತಪ್ಪಿದ ಉತ್ತರವನ್ನು ಕಿವುಡಿನ ಲೆಕ್ಕಕ್ಕೆ ಸೇರಿಸಿದರೆ ಅನ್ಯಾಯ. ಮೈಸೂರಿನ ಶ್ರವಣತಜ್ಞರೂ ತೇನಿಯ ವೈದ್ಯಕೀಯ ಕಾಲೇಜೂ ಕೂಡಿ, ಇಲ್ಲಿಯ ಕಪ್ಪಿಲಿಯರ್ ಮತ್ತು ಅನುಪ್ಪರ್ ಮನೆಗಳ ಮಾತಿನಲ್ಲಿ ಪದಗಳನ್ನು ಪರಿಶೀಲಿಸಿ, ಸ್ಥಳೀಯರೊಬ್ಬರ ಕಂಠದಲ್ಲಿ ಧ್ವನಿಮುದ್ರಿಸಿದ ಪಟ್ಟಿಯೊಂದನ್ನು ಸಿದ್ಧಪಡಿಸಬಹುದು. ಧ್ವನಿಮುದ್ರಿತ ಪಟ್ಟಿಗೆ ಮಾಸ್ಕ್ ಅಡ್ಡಿಯಾಗದು. ಗಾಳಿಯಾಡದ ಶ್ರವಣ ಪರೀಕ್ಷಾ ಕೋಣೆಯಲ್ಲಿ ರೋಗಿಯೊಬ್ಬರನ್ನೇ ಕೂರಿಸಿ ಹೊರಗಿನಿಂದ ಪರೀಕ್ಷೆ ನಡೆಸಲೂ ಅದು ಒದಗುತ್ತದೆ.

ಎರಡನೆಯ ಅಲೆಯಲ್ಲಿ ಇಎನ್‌ಟಿ ವಿಭಾಗಗಳ ಕೆಲಸವೇ ಬದಲಾಯಿತು. 2021ರ ಮೇ ತಿಂಗಳಲ್ಲಿ ತಮಿಳುನಾಡು, ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳು ಕಪ್ಪು ಶಿಲೀಂಧ್ರವನ್ನು ಅಧಿಸೂಚಿತ ರೋಗವೆಂದು ಘೋಷಿಸಿದವು. ಮೂಗು, ಸೈನಸ್, ಕಣ್ಣುಗುಳಿಗಳಿಂದ ಸತ್ತ ಅಂಗಾಂಶವನ್ನು ಕೆತ್ತಿ ತೆಗೆಯುವ ತುರ್ತಿನಲ್ಲಿ ಕಿವಿಯ ಥಿಯೇಟರ್, ಎಂಡೋಸ್ಕೋಪ್, ಡ್ರಿಲ್, ಕೈಗಳು ಎಲ್ಲ ಅತ್ತ ಹೋದವು. ಅದು ಸರಿಯಾದ ನಿರ್ಧಾರ; ಜೀವ ಮೊದಲು. ಆದರೆ ಹಿಂದಿನ ವರ್ಷ ಕಾಯಿಸಿದ್ದ ಕಿವಿಗಳು ಎರಡನೆಯ ಸಲ ಕಾಯಬೇಕಾಯಿತು. ಒಮ್ಮೆ ಸುರಕ್ಷಿತವೆಂದು ಬೇರ್ಪಡಿಸಿದ ಕಿವಿ ವರ್ಷದ ಮೇಲೂ ಹಾಗೇ ಇರುತ್ತದೆ ಎಂಬ ಖಾತರಿ ಇಲ್ಲ. ಒಳಕ್ಕೆ ಸೆಳೆದ ತಮಟೆ ನಿಧಾನವಾಗಿ ಕೊಲೆಸ್ಟಿಯಟೋಮಾ ಆಗಬಹುದು. ಆದ್ದರಿಂದ ಮುಂದೂಡಿದ ಪ್ರತಿ ರೋಗಿಯ ಹೆಸರಿನ ಮುಂದೆ ಮರುಪರೀಕ್ಷೆಯ ದಿನಾಂಕ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಯಾರಾದರೂ ಆ ಕಿವಿಯನ್ನು ನೋಡಬೇಕು. ನಾತ ಬರುತ್ತಿದೆಯೇ, ತಲೆ ಸುತ್ತುತ್ತಿದೆಯೇ, ಮುಖ ಎಳೆಯುತ್ತಿದೆಯೇ ಎಂದು ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಮನೆ ಬಾಗಿಲಲ್ಲಿ ಕೇಳಬಹುದಾದ ಪ್ರಶ್ನೆಗಳಿವು. ಜ್ವರ ಮತ್ತು ಆಮ್ಲಜನಕ ಅಳೆಯಲು ಮನೆಮನೆಗೆ ಹೋದ ತಿಂಗಳುಗಳಲ್ಲಿ ಇವನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಬಹುದಿತ್ತು.

ದಿಂಡಿಗಲ್‌ನಲ್ಲಿ ಈಗ ವೈದ್ಯಕೀಯ ಕಾಲೇಜಿದೆ, ತೇನಿಗೆ ರೈಲು ಬಂದಿದೆ. ಎರಡೂ ಜಿಲ್ಲೆಗಳ ಇಎನ್‌ಟಿ ಹೊರರೋಗಿ ಚೀಟಿಯಲ್ಲಿ ಮೂರು ಸಾಲು ಹೆಚ್ಚಿಗೆ ಮುದ್ರಿಸಬೇಕೆಂಬುದು ನನ್ನ ಸಲಹೆ: ಈ ಕಿವಿ ಎಷ್ಟು ದಿನ ಕಾಯಬಲ್ಲದು; ಮುಂದಿನ ಪರೀಕ್ಷೆ ಎಲ್ಲಿ, ಯಾವ ದಿನ; ಮನೆಮಾತು ಯಾವುದು. ಮೊದಲನೆಯ ಸಾಲನ್ನು ತುಂಬಬೇಕಾದವರು ಇಎನ್‌ಟಿ ವೈದ್ಯರು, ಎರಡನೆಯದನ್ನು ಕಣಿವೆಯ ಆರೋಗ್ಯ ಕೇಂದ್ರದ ಜೊತೆ ಮಾತಾಡಿ ಅಲ್ಲಿಯೇ ನಿಗದಿ ಮಾಡಬೇಕು, ಮೂರನೆಯದನ್ನು ರೋಗಿಯನ್ನೇ ಕೇಳಿ ಬರೆಯಬೇಕು.